ಒಂದೇ ಸಲಕ್ಕೆ ಮೂರು ಬಗೆ ಕಥೆ ಹೇಳಬೇಡಿ
ಸ್ಕ್ರಿಪ್ಟ್ ಬರೆಯೋ ಗೆಳೆಯರಿಗೆ ಒಂದು ಮಾತು. ಹೋದ ವರ್ಷ ಒಬ್ಬ ನಿರ್ಮಾಪಕರಿಗೆ ಹಾರರ್, ಕಾಮಿಡಿ, ಲವ್ ಸ್ಟೋರಿ ಮೂರೂ ಒಟ್ಟಿಗೆ ಹೇಳಿದೆ. ಕಾಫಿ ಕುಡಿಸಿ ಕಳಿಸಿದರು, ಅಷ್ಟೇ.

ಈಗ ಒಂದೇ ಸಾಲು ಹೇಳುತ್ತೇನೆ: 'ಮಲೆನಾಡಿನ ಒಂಟಿ ಮನೆಗಳ ಸಸ್ಪೆನ್ಸ್ ಕಥೆ ಬರೆಯುತ್ತೇನೆ.' ಅದಕ್ಕೆ ಹೊಂದುವ ಎರಡು ಪೂರ್ತಿ ಸ್ಕ್ರಿಪ್ಟ್, ಒಂದೊಂದು ಪುಟದ ಸಾರಾಂಶ ಫೋನಿನಲ್ಲೇ ರೆಡಿ.

ನಿರ್ದೇಶಕ ಪವನ್ ಕುಮಾರ್ ಅವರನ್ನೇ ನೋಡಿ. 2013ರ 'ಲೂಸಿಯಾ', 2016ರ 'ಯೂ ಟರ್ನ್', ಎರಡೂ ನೋಡುಗರ ತಲೆಗೆ ಹುಳ ಬಿಡುವ ಚಿತ್ರಗಳೇ. ಅವರ ಹೆಸರು ಕೇಳಿದರೆ ಎಂಥ ಕಥೆ ಅಂತ ಅಂದಾಜಾಗುತ್ತೆ, ಅಲ್ವಾ?

ಬೇರೆ ಬಗೆ ಬರೆಯಲೇಬಾರದು ಅಂತಲ್ಲ. ನನ್ನ ಹತ್ತಿರವೂ ಒಂದು ಕಾಮಿಡಿ ಇದೆ. ಸುಮ್ನೆ ಫೋಲ್ಡರ್‌ನಲ್ಲಿ ಕೂತಿರಲಿ, ಮೊದಲ ಭೇಟಿಯಲ್ಲಿ ಮಾತ್ರ ತೆಗೆಯಬೇಡಿ.