ಜಯಮಂಗಲಿಯಲ್ಲಿ ದೋಣಿ ನಡೆಯಿತು

ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಅಡ್ಡಾಡುವ ಜಯಮಂಗಲಿ ಹೊಳೆಯಲ್ಲಿ ದೋಣಿಯೇ ಎಂದು ತುಮಕೂರಿನ ಗೆಳೆಯರು ಆಡಿಕೊಂಡಿದ್ದರು. ಕಾಳಿಯಲ್ಲೂ ತುಂಗಭದ್ರೆಯಲ್ಲೂ ಹುಟ್ಟು ಹಾಕಿ ಪಳಗಿದವರೂ ಇದು ಆಗದ ಕೆಲಸ ಎಂದೇ ಹೇಳಿದರು. ಈ ಮಳೆಗಾಲದ ಕೊನೆಗೆ ನಾವು ನಾಲ್ವರು ಎರಡು ದೋಣಿಗಳನ್ನು ಹೊಳವನಹಳ್ಳಿಯ ಕೆಳಗೆ ನೀರಿಗಿಳಿಸಿದೆವು. ಶನಿವಾರ ರಾತ್ರಿ ದಡದಲ್ಲಿ ಮಲಗಿ, ಭಾನುವಾರ ಸಂಜೆ ಕೊಡಿಗೇನಹಳ್ಳಿಯ ಕಡೆ ಮೇಲೇರಿದೆವು. ತಿರುವುಗಳನ್ನೆಲ್ಲ ಸೇರಿಸಿದರೆ 20 ಕಿಲೋಮೀಟರಿಗೆ ಕಡಿಮೆ ಇರಲಾರದು. ಈ ಹೊಳೆಯಲ್ಲಿ ಹೀಗೆ ಹೋದವರನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಮೊದಲ ಪ್ರಯತ್ನಗಳೆಲ್ಲ ಕೆಟ್ಟಿದ್ದು ಕಾಲದ ಲೆಕ್ಕದಲ್ಲಿ. ಹೊಳೆ ಹುಟ್ಟುವ ದೇವರಾಯನದುರ್ಗದಲ್ಲಿ ಜೋರು ಮಳೆ ಎಂದು ಕೇಳಿ ಹೊರಟರೆ ಶನಿವಾರ ಕೆಂಪು ನೀರು, ಮುಳ್ಳುಕಂಟಿ, ಬುಡಸಮೇತ ಬಂದ ಮರಗಳು. ಇಳಿಯುವಂತೆಯೇ ಇರಲಿಲ್ಲ. ಮುಂದಿನ ವಾರ ಹೋದರೆ ಮೊಣಕಾಲು ಮುಳುಗದಷ್ಟು ನೀರು. ಕೆರೆಗಳು ತುಂಬುವ ತನಕ ಹೊಳೆಗೆ ಬರುವುದು ಎರಡು ದಿನದ ಅಬ್ಬರ ಮಾತ್ರ. ಮೇಲಿನ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದ ಮೇಲೆಯೇ ಹರಿವು ವಾರಗಟ್ಟಲೆ ಉಳಿಯುತ್ತದೆ. 2022ರಲ್ಲಿ ಕೊರಟಗೆರೆ, ಮಧುಗಿರಿ ಭಾಗದಲ್ಲಿ ಹೊಳೆ ದಡ ಮೀರಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಈಗ ನಾನು ಮಳೆಯನ್ನು ನೋಡುವುದಿಲ್ಲ, ಕೋಡಿಯನ್ನು ನೋಡುತ್ತೇನೆ. ಯಾವ ಕೆರೆಯ ಕೋಡಿ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಕೆಲವು ಮಳೆಗಾಲಗಳೇ ಹಿಡಿದಿವೆ.

ಹೊರಡುವ ಮುನ್ನ ಇನ್ನೊಂದು ಅಳತೆಯಿದೆ. ಚೆಕ್ ಡ್ಯಾಮಿನ ಗೋಡೆಯ ಮೇಲೆ ನಾಲ್ಕೈದು ಬೆರಳು ನೀರು ಹರಿಯುತ್ತಿದ್ದರೆ ಸರಿ. ಗೇಣು ದಾಟಿದರೆ ಮನೆಗೆ ಹಿಂದಿರುಗುವುದು. ನೋಡಲು ಆಳೆತ್ತರವೂ ಇಲ್ಲದ ಗೋಡೆ, ಆದರೆ ಅದರ ಕೆಳಗೆ ಬಿದ್ದ ನೀರು ಹಿಂದಕ್ಕೇ ಮಗುಚುತ್ತದೆ. ಸಿಕ್ಕಿದವನನ್ನು ಗೋಡೆಯ ಬುಡಕ್ಕೇ ಎಳೆದು ಎಳೆದು ಹಾಕುತ್ತದೆ, ಲೈಫ್ ಜಾಕೆಟ್ ಇದ್ದರೂ ಅಷ್ಟೆ. ಐವತ್ತು ಮಾರು ಮೊದಲೇ ದಡ ಹಿಡಿದು, ದೋಣಿ ಹೊತ್ತು, ಸಾಕಷ್ಟು ಕೆಳಗೆ ಇಳಿಸಬೇಕು. ಈ ವಿಷಯದಲ್ಲಿ ಯಾರ ಧೈರ್ಯವನ್ನೂ ನಾನು ಒಪ್ಪುವುದಿಲ್ಲ.

ಹೊರುವ ಕೆಲಸ ಇಷ್ಟಿರುವುದರಿಂದಲೇ ದುಡ್ಡು ಹಾಳಾದದ್ದು. ಮೊದಲು ಕೊಂಡಿದ್ದ ಫೈಬರ್ ದೋಣಿ 50 ಕಿಲೋಗೂ ಹೆಚ್ಚು. ಪ್ರತಿ ಚೆಕ್ ಡ್ಯಾಮಿನಲ್ಲಿ ನಾಲ್ವರೂ ಹೆಗಲು ಕೊಡಬೇಕು, ಬಂಡೆಗೆ ತಾಗಿ ತಳ ಬೇರೆ ಸೀಳಿತು. ಮಾರಿದಾಗ ಸುಮಾರು 9,000 ರೂಪಾಯಿ ಕೈಬಿಟ್ಟಿತು. ಮೀನುಗಾರರೊಬ್ಬರಿಂದ ಹರಿಗೋಲು ತಂದು ನೋಡಿದೆವು. ಕೆರೆಯಲ್ಲಿ ಅದಕ್ಕೆ ಸಾಟಿಯಿಲ್ಲ, ಇಕ್ಕಟ್ಟಿನ ಹರಿವಿನಲ್ಲಿ ಸುಮ್ಮನೆ ಸುತ್ತುತ್ತದೆ. ಕೊನೆಗೆ ಗಾಳಿ ತುಂಬುವ ಇಬ್ಬರ ಕ್ಯಾನೂ. ಹಳೆಯದನ್ನೇ ಕೊಂಡೆವು, ಒಂದಕ್ಕೆ 17–18 ಸಾವಿರ, ತೂಕ 16 ಕಿಲೋ. ಹುಟ್ಟುಗಳನ್ನು ಊರಿನ ಬಡಗಿಯವರು ಸಿಲ್ವರ್ ಓಕ್ ಹಲಗೆಯಲ್ಲಿ ಮಾಡಿಕೊಟ್ಟರು, ಜೋಡಿಗೆ 700.

ಗಾಳಿ ದೋಣಿಗೆ ಬಳ್ಳಾರಿ ಜಾಲಿಯ ಮುಳ್ಳು ಸಾಕು ಎಂಬುದೇ ಎಲ್ಲರ ವಾದವಾಗಿತ್ತು. ಮೊದಮೊದಲು ಮುಳ್ಳು ಚುಚ್ಚಿದ್ದು ನಿಜ. ಸೈಕಲ್ ಅಂಗಡಿಯ ಸೊಲ್ಯೂಷನ್ ದೋಣಿಯ ಪಿವಿಸಿಗೆ ಹಿಡಿಯುವುದಿಲ್ಲ, ತೇಪೆ ಸಂಜೆಗೇ ಏಳುತ್ತದೆ. ಪಿವಿಸಿಗೆಂದೇ ಸಿಗುವ ಅಂಟು ಬೇಕು, ಹಚ್ಚುವ ಜಾಗ ಪೂರ್ತಿ ಒಣಗಿರಬೇಕು. ಇದರ ಮೇಲೆ ತಳಕ್ಕೆ ನಾನೊಂದು ಹೊದಿಕೆ ಹೊಲಿಸಿದ್ದೇನೆ; ಅದರ ಬಟ್ಟೆ ಯಾವುದೆಂಬುದು ನಮ್ಮ ಗುಂಪಿನಲ್ಲೇ ಇರಲಿ. ಈ ಸಲ ಒಂದೂ ಪಂಕ್ಚರ್ ಆಗಲಿಲ್ಲ. ಮಧ್ಯಾಹ್ನ ದೋಣಿಯನ್ನು ಬಿಸಿಲಿಗೆ ಎಳೆದಿಟ್ಟು ಊಟಕ್ಕೆ ಕುಳಿತರೆ ಸ್ವಲ್ಪ ಗಾಳಿ ಬಿಡುವುದನ್ನು ಮರೆಯಬಾರದು, ಹೊಲಿಗೆಯೇ ಬಿರಿಯುತ್ತದೆ.

ನೀರು ತೆಳುವಾದ ಕಡೆ ಹುಟ್ಟು ಮರಳಿಗೆ ತಾಗುತ್ತದೆ. ಅಲ್ಲಿ ಆರೇಳು ಅಡಿಯ ಬಿದಿರು ಗಳುವಿನಿಂದ ಒತ್ತಿಕೊಂಡು ಹೋದೆವು, ಎಷ್ಟೋ ಹಗುರಾಯಿತು. ಜೊಂಡಿನ ನಡುವೆಯೂ ಗಳುವೇ ವಾಸಿ. ಕಣ್ಣಿಟ್ಟು ಕಾಯಬೇಕಾದದ್ದು ಅಡ್ಡ ಎಳೆದ ತಂತಿಬೇಲಿ, ಪಂಪ್‌ಸೆಟ್ಟಿನ ಪೈಪು ಮತ್ತು ಬಲೆಗಳನ್ನು. ಮುಂದಿನ ದೋಣಿಯವನಿಗೆ ಅದೇ ಕೆಲಸ.

ನೀರಿನ ಮೇಲೆ ಒಂದು ಪ್ರಯೋಗವನ್ನೂ ಮಾಡಿದೆ. ನುಗ್ಗೆ ಬೀಜದ ಪುಡಿಯನ್ನು ಕೆಂಪು ನೀರಿಗೆ ಕಲಕಿ ಒಂದೆರಡು ಗಂಟೆ ಬಿಟ್ಟರೆ ಮಣ್ಣೆಲ್ಲ ತಳ ಸೇರಿ ನೀರು ತಿಳಿಯಾಗುತ್ತದೆ, ಪಾತ್ರೆ ತೊಳೆಯಲು ಚೆನ್ನ. ಕುಡಿಯಲು ಮಾತ್ರ ಮನೆಯಿಂದಲೇ ಒಬ್ಬೊಬ್ಬರಿಗೆ 8 ಲೀಟರ್ ಹೊತ್ತೆವು. ತಿಳಿಯಾದ ನೀರಿನಲ್ಲಿ ರೋಗದ ಕ್ರಿಮಿ ಇರಬಹುದು, ಈ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ, ಕುದಿಸಿದರೆ ಅದು ಹೋಗುವುದಿಲ್ಲ.

ಬಿಡಾರಕ್ಕೆ ಮರಳದಿಣ್ಣೆ ಬೇಡವೆಂದೆ. ಮೇಲೆ ರಾತ್ರಿ ಮಳೆಯಾದರೆ ಇಲ್ಲಿ ಹನಿ ಬೀಳದೆಯೂ ಹೊಳೆ ಏರುತ್ತದೆ. ಹೊಂಗೆಯ ಕೊಂಬೆಗಳಲ್ಲಿ ಹಿಂದಿನ ನೆರೆಯ ಕಸ ಸಿಕ್ಕಿಕೊಂಡಿರುತ್ತದಲ್ಲ, ಅದಕ್ಕಿಂತ ಮೇಲೆಯೇ ಡೇರೆ. ತೆಂಗಿನ ತೋಟದ ಯಜಮಾನರನ್ನು ಕೇಳಿದಾಗ, "ಹಾವು ನೋಡಿಕೊಳ್ಳಿ ಸ್ವಾಮಿ, ಗುಡ್ಡದ ಕಡೆ ಹೋಗಬೇಡಿ, ಕರಡಿ ಇಳಿಯುತ್ತದೆ" ಎಂದು ಎಳನೀರನ್ನೂ ಕೊಟ್ಟರು. ಮುದ್ದೆ, ಹುರುಳಿ ಸಾರು. ಉಳಿದದ್ದನ್ನು ಡಬ್ಬಿಯಲ್ಲಿ ಬಿಗಿದು ಮರಕ್ಕೆ ಕಟ್ಟಿದೆವು.

ಮೈದನಹಳ್ಳಿಯ ಕೃಷ್ಣಮೃಗ ಧಾಮದ ಕಡೆ ಬಿಡಾರ ಹೂಡುವ ಯೋಚನೆಯನ್ನೇ ಮಾಡಬೇಡಿ, ಅದು ಅರಣ್ಯ ಇಲಾಖೆಯ ಜಾಗ.

ಹಿಂದಿರುಗಲು ಮಧುಗಿರಿಯ ಗೆಳೆಯನ ಗೂಡ್ಸ್ ಆಟೋ, 1,200. ಊಟ, ಡೀಸೆಲ್ ಎಲ್ಲ ಸೇರಿ ತಲೆಗೆ 900ರ ಆಸುಪಾಸು ಬಿತ್ತು. ಆಡಿಕೊಂಡವರಲ್ಲಿ ಇಬ್ಬರು ಆಗಲೇ ಜಾಕೆಟ್ ಕೊಂಡಿದ್ದಾರೆ, ಮೂರನೆಯ ದೋಣಿಗೆ ಹುಡುಕಾಟ ನಡೆದಿದೆ.