ಉದ್ದ ಜಡೆಗಿಂತ ಮುಂಗುರುಳೇ ಮೇಲು

ಹೆಣ್ಣಾಗಿ ಕಾಣಬೇಕು ಅಂದ ಕೂಡಲೇ ಎಲ್ಲರೂ ಉದ್ದ ಕೂದಲಿನ ಮಾತೇ ಆಡುತ್ತಾರೆ. ಸೊಂಟದವರೆಗೆ ಜಡೆ ಬಂದರೆ ಎಲ್ಲ ಸರಿಹೋಯಿತು ಅನ್ನೋ ಹಾಗೆ. ನಾನು ಟ್ರಾನ್ಸ್ ಮಹಿಳೆ, ಚಿಕ್ಕಬಳ್ಳಾಪುರದವಳು. ವಿಗ್ ನನಗೆ ಒಗ್ಗಲಿಲ್ಲ. ಏಪ್ರಿಲ್ ಬಿಸಿಲಲ್ಲಿ ವಿಗ್ ಹಾಕಿಕೊಂಡು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ, ಯಾಕೆ ಅಂತ ಗೊತ್ತಾಗುತ್ತದೆ. ಹಾಗಾಗಿ ಸ್ವಂತ ಕೂದಲನ್ನೇ ಬೆಳೆಸಿ, ಪಳಗಿಸಿಕೊಂಡೆ. ಬೆನ್ನ ಮೇಲೆ ಇಳಿಬಿದ್ದ ಕೂದಲಿಗಿಂತ ಮುಖದ ಸುತ್ತ ಇರುವ ನಾಲ್ಕು ಬೆರಳಷ್ಟು ಕೂದಲೇ ಜಾಸ್ತಿ ಕೆಲಸ ಮಾಡುತ್ತದೆ. ಜಟೆ ಬಿಟ್ಟ ಸಾಧುಗಳನ್ನು ನೋಡಿ ಯಾರೂ ಹೆಂಗಸು ಅಂದುಕೊಳ್ಳುವುದಿಲ್ಲ, ಅಲ್ವಾ?

ಗಂಡು ಹಾರ್ಮೋನ್ ಇರುವ ಮೈಯಲ್ಲಿ ವಯಸ್ಸಿಗೆ ಬಂದ ಮೇಲೆ ಹಣೆಯ ಎರಡು ಮೂಲೆಯಲ್ಲೂ ಕೂದಲು ಹಿಂದೆ ಸರಿಯುತ್ತದೆ. ಹೆಂಗಸರ ಹಣೆಯ ಮೇಲಿನ ಗೆರೆ ಸಾಮಾನ್ಯವಾಗಿ ದುಂಡಗಿರುತ್ತದೆ. ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅದನ್ನು ಮುಚ್ಚಲು ಮುಂಗುರುಳು ಬೇಕು. ಹಣೆಯ ಮಧ್ಯ ಕತ್ತರಿಸಿ ಗೋಡೆ ಕಟ್ಟಿದ ಹಾಗೆ ಬಿಡುವುದಲ್ಲ. ಬೈತಲೆಯಿಂದ ಎರಡು ಕಡೆ ಇಳಿದು, ಹಣೆಯ ಮೂಲೆ ಮುಚ್ಚಿ, ಕೆನ್ನೆಯ ಮೂಳೆ ಹತ್ತಿರ ಮುಗಿಯುವ ಹಾಗೆ ಬಿಡಬೇಕು. ದವಡೆಯ ಅಳತೆಗೇ ಮುಗಿದರೆ ದವಡೆ ಇನ್ನೂ ಅಗಲ ಕಾಣುತ್ತದೆ. ಮಿಕ್ಕ ಕೂದಲು ದವಡೆ ದಾಟಿ ಕೆಳಗೆ ಬರಲಿ.

ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಗಂಡಸರ ಕಟಿಂಗಿನಿಂದ ಭುಜದವರೆಗೆ ಬರಲು 2 ವರ್ಷ ಮೇಲೇ ಬೇಕು. ಮಧ್ಯದ ಆ ಕಾಲವೇ ಕಷ್ಟ. ಕತ್ತಿನ ಹಿಂದಿನ ಕೂದಲು ಬೇಗ ಕಾಲರ್ ಮುಟ್ಟುತ್ತದೆ, ಮೇಲಿನದು ಇನ್ನೂ ಕಿವಿ ಹತ್ತಿರವೇ ಇರುತ್ತದೆ. ಆಗ ಹಿಂದಿನದನ್ನು ಮಾತ್ರ ಆಗಾಗ ಸ್ವಲ್ಪ ಕತ್ತರಿಸಿ, ಮೇಲಿನದು ಅದಕ್ಕೆ ಸಮನಾಗಿ ಬರುವವರೆಗೆ ಕಾಯಬೇಕು. ಕತ್ತರಿ ಹಾಕಬೇಡ, ಬೆಳೆಯಲಿ ಅಂತ ಎಲ್ಲರೂ ಹೇಳುತ್ತಾರೆ. ಆ ಮಾತು ಕೇಳಬೇಡಿ.

ಆಗ ನಾನು ಹೋಗುತ್ತಿದ್ದದ್ದು ಮಾಮೂಲಿ ಕಟಿಂಗ್ ಶಾಪಿಗೆ. ಅಲ್ಲಿ ಗಮನಿಸಬೇಕಾದ್ದು ಕತ್ತರಿಯಲ್ಲ, ಬ್ಲೇಡು. ಕಟಿಂಗ್ ಮುಗಿಸಿ, ಬ್ರಷ್ಷಿನಿಂದ ಕತ್ತು ಕೊಡವಿ, ಹೊಸ ಬ್ಲೇಡ್ ಮುರಿದು ಕ್ಷೌರದ ಕತ್ತಿಗೆ ಹಾಕಿಕೊಳ್ಳುತ್ತಾರೆ. ಕಿವಿ ಮುಂದೆ ಒಂದು ನೇರ ಗೆರೆ, ಕತ್ತಿನ ಹಿಂದೆ ಇನ್ನೊಂದು. ಎಷ್ಟು ಕೂದಲು ಬಿಟ್ಟಿದ್ದರೂ ಆ ಎರಡು ಗೆರೆ ಬಿದ್ದರೆ ಮುಖ ಗಂಡಸರದ್ದೇ. “ಶೇಪ್ ಕೊಡ್ಲಾ?” ಅಂತ ಅವರು ಕೇಳುವ ಮೊದಲೇ “ಅಣ್ಣಾ, ಬ್ಲೇಡ್ ಬೇಡ, ಹಾಗೇ ಬಿಡಿ” ಅನ್ನುತ್ತಿದ್ದೆ. ಅವರಿಗೆ ಕೆಲಸ ಅರ್ಧಕ್ಕೆ ನಿಲ್ಲಿಸಿದ ಹಾಗೆ ಅನಿಸುತ್ತಿತ್ತೇನೋ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಕಿವಿ ಮುಂದಿನ ಕೂದಲು ತೆಳ್ಳಗೆ, ಎಳೆ ಎಳೆಯಾಗಿ ಇಳಿಯಬೇಕು. ಅದೇ ಚೆಂದ.

ಪಾರ್ಲರಿಗೆ ಹೋಗುವುದಾದರೆ ಮೊದಲು ಫೋನ್ ಮಾಡಿ ನೇರವಾಗಿ ಕೇಳಿ. ಕೆಲವರು ಆಗಲ್ಲ ಅನ್ನುತ್ತಾರೆ, ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುವುದಕ್ಕಿಂತ ಫೋನಿನಲ್ಲಿ ಕೇಳುವುದೇ ವಾಸಿ. ಒಬ್ಬ ಅಕ್ಕ “ಮಧ್ಯಾಹ್ನ ಬಾಮ್ಮ, ಆಗ ರಶ್ ಇರಲ್ಲ” ಅಂದರು. ಅವರ ಹತ್ತಿರವೇ ಈಗಲೂ ಹೋಗುವುದು.

ಇನ್ನು ನೀರು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಒಳಗೆ ಕಟ್ಟುವ ಬಿಳಿ ಪದರವೇ ಕೂದಲಿಗೂ ಅಂಟುತ್ತದೆ. ಸೋಪು ಹಾಕಿದರಂತೂ ಜಿಗುಟು. ನಾನು ಶಾಂಪೂ ಹಾಕಿ ತೊಳೆದು, ಕೊನೆಗೆ ಒಂದು ಚೊಂಬು ಫಿಲ್ಟರ್ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ಸುರಿದುಕೊಳ್ಳುತ್ತೇನೆ. ಎಣ್ಣೆ ವಿಷಯದಲ್ಲಿ ಅಮ್ಮನಿಗೂ ನನಗೂ ದಿನಾ ಜಗಳ. ಎಣ್ಣೆ ಹಚ್ಚಿ ಅಂಟಿಸಿ ಬಾಚಿದರೆ ನೆತ್ತಿ ಚಪ್ಪಟೆಯಾಗುತ್ತದೆ, ತೆಳ್ಳಗಿರುವ ಜಾಗವೆಲ್ಲ ಎದ್ದು ಕಾಣುತ್ತದೆ. ತಲೆಸ್ನಾನದ ಹಿಂದಿನ ರಾತ್ರಿ ಮಾತ್ರ ಹಚ್ಚು ಅನ್ನುವಲ್ಲಿಗೆ ರಾಜಿ ಆಗಿದೆ.

ನೆತ್ತಿ ಸ್ವಲ್ಪ ಎತ್ತರ ಕಂಡರೆ ಮುಖ ಸಣ್ಣಗೆ ಕಾಣುತ್ತದೆ. ತಲೆ ಬಗ್ಗಿಸಿ, ಕೂದಲನ್ನು ಮುಂದಕ್ಕೆ ಇಳಿಬಿಟ್ಟು ಒಣಗಿಸಿದರೆ ಬುಡ ಎದ್ದು ನಿಲ್ಲುತ್ತದೆ. ಬೈತಲೆಯನ್ನು ಆಗಾಗ ಬದಲಿಸಬೇಕು. ಒಂದೇ ಕಡೆ ತೆಗೆದರೆ ಕೂದಲು ಅಲ್ಲೇ ಮಲಗಿಬಿಡುತ್ತದೆ. ನನಗೆ ಓರೆ ಬೈತಲೆ ಒಪ್ಪುತ್ತದೆ, ಒಂದು ಮೂಲೆಯಾದರೂ ಪೂರ್ತಿ ಮುಚ್ಚುತ್ತದೆ. ಇನ್ನೊಂದು ಮೂಲೆಗೆ ಹೊಳಪಿಲ್ಲದ ಗಾಢ ಕಂದು ಐ ಶ್ಯಾಡೋ, ಸಣ್ಣ ಬ್ರಷ್ಷಿನಲ್ಲಿ ಒತ್ತಿ ಒತ್ತಿ ಹಚ್ಚುತ್ತೇನೆ. ಕಾಡಿಗೆ ಬೇಡ, ಬೆವರಿಗೆ ಹಣೆಗೆ ಇಳಿಯುತ್ತದೆ.

ಗುಂಗುರಿಗೆ ನಾನು ಮಿಷನ್ ಮುಟ್ಟುವುದು ಕಡಿಮೆ. ಹಳೇ ಕಾಟನ್ ಸೀರೆಯ ಪಟ್ಟಿ ಹರಿದು ಇಟ್ಟುಕೊಂಡಿದ್ದೇನೆ. ಕೂದಲು ಮುಕ್ಕಾಲು ಒಣಗಿದಾಗ ಒಂದೊಂದು ಎಳೆಯನ್ನೂ ತುದಿಯಿಂದ ಪಟ್ಟಿಗೆ ಸುತ್ತುತ್ತಾ ಬುಡದವರೆಗೆ ತಂದು ಗಂಟು ಹಾಕಿ ಮಲಗುವುದು. ಬೆಳಿಗ್ಗೆ ಬಿಚ್ಚಿ ಬಾಚಣಿಗೆ ಹಾಕಬಾರದು, ಬೆರಳಲ್ಲೇ ಬಿಡಿಸಬೇಕು. ಪೂರ್ತಿ ಒದ್ದೆ ಇರುವಾಗ ಸುತ್ತಿದರೆ ಬೆಳಿಗ್ಗೆವರೆಗೂ ಒಣಗುವುದಿಲ್ಲ.

ಜಡೆ ಹಾಕುವಾಗ ಬಿಗಿಯಾಗಿ ಎಳೆಯಬೇಡಿ. ಎಳೆದು ಕಟ್ಟಿದರೆ ಹಣೆಯ ಮೂಲೆ ಬಯಲಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ದಿನಾ ಹಾಗೆ ಮಾಡಿದರೆ ಅಲ್ಲಿನ ಕೂದಲು ಉದುರಿ ಮತ್ತೆ ಬಾರದೆಯೂ ಹೋಗಬಹುದು. ಕತ್ತಿನ ಹತ್ತಿರ ಸಡಿಲವಾಗಿ ಕಟ್ಟಿ, ಆಮೇಲೆ ಬಾಚಣಿಗೆಯ ಬಾಲದಿಂದ ನೆತ್ತಿಯ ಕೂದಲನ್ನು ಸ್ವಲ್ಪ ಮೇಲೆತ್ತಿ, ಕಿವಿ ಮುಂದೆ ಎರಡು ಎಳೆ ಹೊರಗೆ ಬಿಡಿ. ಹೂವಿನ ವಿಷಯದಲ್ಲಿ ನಮ್ಮೂರಿಗೆ ಬರ ಇಲ್ಲ. ಆದರೆ ತೆಳ್ಳನೆ ಕೂದಲಿಗೆ ಮಲ್ಲಿಗೆ ಭಾರ, ನೀರು ಚಿಮುಕಿಸಿದ್ದಾದರೆ ಇನ್ನೂ ಭಾರ. ಪಿನ್ ಜಾರುತ್ತದೆ. ಕನಕಾಂಬರ ಹಗುರ. ಎರಡು ಪಿನ್ ಅಡ್ಡಡ್ಡ ಹಾಕಿ, ಅದರ ಮೇಲೆ ಹೂವು ಸಿಕ್ಕಿಸಿದರೆ ಸಂಜೆವರೆಗೂ ಅಲುಗುವುದಿಲ್ಲ.

ಉದುರುವಿಕೆ ಶುರುವಾಗಿದ್ದರೆ ಸ್ಟೈಲ್ ಮಾತು ಆಮೇಲೆ, ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗಿ. ಕೂದಲು ಬರಲಿ ಅಂತ ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಔಷಧಿ ಕೊಟ್ಟರೆ ಮೊದಲ ವಾರಗಳಲ್ಲಿ ಇನ್ನೂ ಜಾಸ್ತಿ ಉದುರಬಹುದು, ಗಾಬರಿ ಬೇಡ. ಫಲ ಕಾಣಲು ತಿಂಗಳುಗಳೇ ಬೇಕು, ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೆ ತಾಗದ ಹಾಗೆ ನೋಡಿಕೊಳ್ಳಿ, ಬೆಕ್ಕಿಗೆ ಅದು ವಿಷ. ಹಾರ್ಮೋನ್ ಮಾತ್ರೆಯಿಂದ ಉದುರುವುದು ತಗ್ಗಬಹುದು, ಆದರೆ ಎಂದೋ ಹಿಂದೆ ಸರಿದ ಗೆರೆ ಪೂರ್ತಿ ವಾಪಸ್ ಬರುವುದು ಅಪರೂಪ. ಯಾರೋ ಗೆಳತಿ ತಗೊಂಡಳು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಸುಮ್ನೆ ನುಂಗಬೇಡಿ.

ಕೊನೆಯದು ಹೆಲ್ಮೆಟ್. ಎಲ್ಲ ಮಾಡಿಕೊಂಡು ಗಾಡಿ ಹತ್ತಿದರೆ ಹತ್ತು ನಿಮಿಷದಲ್ಲಿ ನೆತ್ತಿ ಚಪ್ಪಟೆ. ನಾನು ಒಳಗೆ ನುಣುಪಾದ ಸ್ಕಾರ್ಫ್ ಸುತ್ತಿ, ಬೈತಲೆಯನ್ನು ಬೇಕೆಂದೇ ಉಲ್ಟಾ ಕಡೆಗೆ ತೆಗೆದು ಹೆಲ್ಮೆಟ್ ಹಾಕುತ್ತೇನೆ. ಇಳಿದ ಮೇಲೆ ಮತ್ತೆ ಈ ಕಡೆಗೆ ತಿರುಗಿಸಿದರೆ ಬುಡ ತಾನಾಗಿಯೇ ಏಳುತ್ತದೆ. ಗಾಡಿಯ ಕನ್ನಡಿ ಸಾಕು, ಬ್ಯಾಗಿನಲ್ಲಿ ಒಂದು ಸಣ್ಣ ಬಾಚಣಿಗೆ ಇರಲಿ.