ಫುಕುವೋಕಾಗೆ ಹೋದ್ರೆ ಊರವರ ಊಟ ಎಲ್ಲಿ, ಹೇಗೆ: ನಮ್ಮ ಕೊಡಗಿನವರಿಗೆ

ಪೊನ್ನಂಪೇಟೆ, ಗೋಣಿಕೊಪ್ಪ ಕಡೆಯ ಮೂರ್ನಾಲ್ಕು ಜನ ಈ ವರ್ಷ ನನ್ನತ್ರ ಒಂದೇ ಪ್ರಶ್ನೆ ಕೇಳಿದ್ರು, ಜಪಾನಿಗೆ ಹೋಗ್ತಾ ಇದ್ದೀವಿ, ಫುಕುವೋಕಾದಲ್ಲಿ ಎರಡು ಮೂರು ದಿನ ಇರ್ತೀವಿ, ಅಲ್ಲಿಯವರು ತಿನ್ನೋದನ್ನೇ ತಿನ್ನಬೇಕು ಅಂದ್ರೆ ಎಲ್ಲಿಗೆ ಹೋಗೋದು ಅಂತ. ಒಬ್ಬೊಬ್ಬರಿಗೆ ಫೋನಲ್ಲಿ ಹೇಳೋ ಬದ್ಲು ಪೂರ್ತಿ ಬರೆದಿಡ್ತಾ ಇದ್ದೀನಿ. ಹಂದಿ ತಿಂದು ಬೆಳೆದವರಿಗೆ ಜಪಾನಲ್ಲಿ ಇದಕ್ಕಿಂತ ಒಳ್ಳೆ ಊರು ನಾನು ನೋಡಿಲ್ಲ.

ಮೊದಲು ಹೆಸರಿನ ಗೊಂದಲ. ಊರು ಫುಕುವೋಕಾ, ದೊಡ್ಡ ರೈಲ್ವೆ ಸ್ಟೇಷನ್ ಮಾತ್ರ ಹಕಾತಾ. ಹಕಾತಾ ವ್ಯಾಪಾರಿಗಳ ಊರು, ಫುಕುವೋಕಾ ಕೋಟೆ ಪಕ್ಕದ ಊರು, 1889ರಲ್ಲಿ ಎರಡೂ ಸೇರಿ ಒಂದಾಯ್ತು. ಅದಕ್ಕೇ ತಿಂಡಿಗಳ ಹೆಸರಲ್ಲೆಲ್ಲ ಹಕಾತಾ ಅಂತಾನೇ ಇರುತ್ತೆ. ಏರ್‌ಪೋರ್ಟಿಂದ ಸಬ್‌ವೇ ಹತ್ತಿದ್ರೆ ಹಕಾತಾಗೆ ಐದಾರು ನಿಮಿಷ, ಊರ ಮಧ್ಯದ ತೆಂಜಿನ್‌ಗೆ ಹನ್ನೊಂದು ನಿಮಿಷ, ಹಾಗಾಗಿ ಬ್ಯಾಗ್ ರೂಮಲ್ಲಿ ಇಟ್ಟು ಸೀದಾ ತಿನ್ನೋಕೆ ಹೊರಡಬಹುದು.

ಬೆಳಿಗ್ಗೆ ಉದೋನ್. ಎಲ್ಲರೂ ರಾಮೆನ್ ಅನ್ನೋ ಸಾರು ನೂಡಲ್ ಅಂತ ಓಡ್ತಾರೆ, ಆದ್ರೆ ಇಲ್ಲಿಯ ಜನಕ್ಕೆ ದಿನದ ಊಟ ಅಂದ್ರೆ ಉದೋನ್ ಕೂಡ ಅಷ್ಟೇ ಮುಖ್ಯ, ಜೋತೆಂಜಿ ಅನ್ನೋ ದೇವಸ್ಥಾನದಲ್ಲಿ ಉದೋನ್ ಹುಟ್ಟಿದ್ದು ಇಲ್ಲೇ ಅಂತ ಕಲ್ಲು ನೆಟ್ಟಿದ್ದಾರೆ. ದಪ್ಪ ಗೋಧಿ ನೂಡಲ್, ಬಾಯಲ್ಲಿಟ್ರೆ ಕರಗೋ ಹಾಗೆ ಮೆತ್ತಗೆ ಇರುತ್ತೆ. ಗೋಬೋತೆನ್ ಅಂತ ಕೇಳಿ, ಗೋಬೋ ಅನ್ನೋ ಗೆಡ್ಡೆಯನ್ನ ಹಿಟ್ಟಲ್ಲಿ ಅದ್ದಿ ಕರಿದು ಮೇಲೆ ಹಾಕಿ ಕೊಡ್ತಾರೆ. ಹಕಾತಾ ಬಸ್ ಟರ್ಮಿನಲ್ ನೆಲಮಾಳಿಗೆಯಲ್ಲಿ ಮಾಕಿನೋ ಉದೋನ್ ಇದೆ, ಅಲ್ಲಿ ನೂಡಲ್ ಸಾರನ್ನೆಲ್ಲ ಹೀರಿಕೊಂಡು ಉಬ್ಬುತ್ತೆ, ಅದಕ್ಕೇ ಟೇಬಲ್ ಮೇಲೆ ಸಣ್ಣ ಕೆಟಲಲ್ಲಿ ಬೇರೆ ಸಾರು ಇಟ್ಟಿರ್ತಾರೆ, ಬೇಕಾದಷ್ಟು ಹುಯ್ಕೊಳ್ಳಿ. ವೆಜ್ ಅವರು ಗಮನಿಸಿ, ಈ ಸಾರು ಮೀನು ಹಾಕಿಯೇ ಮಾಡೋದು.

ಈಗ ರಾಮೆನ್. ಹಂದಿ ಮೂಳೆಯನ್ನ ಗಂಟೆಗಟ್ಟಲೆ ಜೋರು ಕುದಿ ಕುದಿಸಿದ್ರೆ ಮಜ್ಜೆ, ಕೊಬ್ಬು ಎಲ್ಲ ಬಿಟ್ಟು ಸಾರು ಹಾಲಿನ ಹಾಗೆ ಬೆಳ್ಳಗಾಗುತ್ತೆ, ಅದೇ ಟೊಂಕೊತ್ಸು. ಹಂದಿ ಮೂಳೆ ಸಾರಿನ ರಾಮೆನ್ ಹತ್ತಿರದ ಕುರುಮೆ ಅನ್ನೋ ಊರಲ್ಲಿ 1937ರಲ್ಲಿ ಒಂದು ತಳ್ಳುಗಾಡಿಯಲ್ಲಿ ಶುರುವಾಗಿದ್ದು. ಅಂಗಡಿ ಬಾಗಿಲಲ್ಲೇ ವಾಸನೆ ಹೊಡೆಯುತ್ತೆ, ಕೆಲವರು ಮೂಗು ಮುಚ್ಕೊಂಡು ವಾಪಸ್ ಹೋಗ್ತಾರೆ, ಆದ್ರೆ ಮದುವೆ ಮನೆ ಹಿಂದೆ ದೊಡ್ಡ ಪಾತ್ರೆಯಲ್ಲಿ ಪಂದಿ ಬೇಯೋದನ್ನ ನೋಡಿದವರಿಗೆ ಇದು ಏನೂ ಅನ್ನಿಸಲ್ಲ, ಹಸಿವು ಜಾಸ್ತಿ ಆಗುತ್ತೆ ಅಷ್ಟೇ. ನೂಡಲ್ ನಮ್ಮ ನೂಪುಟ್ಟಿನ ಎಳೆಯಷ್ಟು ತೆಳ್ಳಗೆ, ನೇರ. ಆರ್ಡರ್ ಮಾಡುವಾಗ ಎಷ್ಟು ಗಟ್ಟಿ ಬೇಕು ಅಂತ ಕೇಳ್ತಾರೆ: ಯಾವಾ ಅಂದ್ರೆ ಮೆತ್ತಗೆ, ಫುತ್ಸೂ ಸಾಧಾರಣ, ಕಾತಾ ಗಟ್ಟಿ, ಬಾರಿಕಾತಾ ಇನ್ನೂ ಗಟ್ಟಿ. ನಾನು ಹೇಳೋದು ಕಾತಾ, ಯಾಕಂದ್ರೆ ಬಿಸಿ ಸಾರಲ್ಲಿ ಕೂತಷ್ಟೂ ಅದು ಬೇಯ್ತಾನೇ ಇರುತ್ತೆ.

ಇಲ್ಲಿ ಬಹಳ ಜನ ತಪ್ಪು ಮಾಡೋದು ಸಾರು ಕುಡಿದು ಮುಗಿಸೋದು. ಸಾರು ಉಳಿಸ್ಕೊಳ್ಳಿ! ನೂಡಲ್ ಇನ್ನೆರಡು ತುತ್ತು ಇದೆ ಅನ್ನುವಾಗ್ಲೇ "ಕಾಯೆದಾಮಾ" ಅನ್ನಿ, ಇನ್ನೊಂದು ಹಿಡಿ ಬಿಸಿ ನೂಡಲ್ ತಂದು ನಿಮ್ಮ ಬಟ್ಟಲಿಗೇ ಹಾಕ್ತಾರೆ, ಅದಕ್ಕೆ ದುಡ್ಡೂ ಸ್ವಲ್ಪವೇ. ನಾಗಹಾಮಾ ಮೀನು ಮಾರ್ಕೆಟಿನ ಕೆಲಸಗಾರರಿಗೆ ಟೈಮ್ ಇರ್ತಿರಲಿಲ್ಲ, ಬೇಗ ಬೇಯೋ ತೆಳ್ಳನೆ ನೂಡಲ್, ಸಾಲದಿದ್ರೆ ಮತ್ತೆ ಹಾಕಿಸ್ಕೊಳ್ಳೋದು, ಹಾಗೆ ಬಂದ ಪದ್ಧತಿ ಇದು. ಆ ಮಾರ್ಕೆಟ್ ಹತ್ತಿರದ ಗನ್ಸೊ ನಾಗಹಾಮಾಯಾಗೆ ಹೋಗಿ, 1952ರಿಂದ ಇದೆ, ರಾಮೆನ್ ಒಂದೇ ಸಿಗೋದು. ಟೇಬಲ್ ಮೇಲಿನ ಕೆಂಪು ಶುಂಠಿ, ಎಳ್ಳು ಎಲ್ಲ ಮೊದಲು ಎರಡು ಚಮಚ ಸಾರು ಹಾಗೇ ಕುಡಿದು ಆಮೇಲೆ ಹಾಕ್ಕೊಳ್ಳಿ, ಸಾರು ಕಾಯಿಸಿದವರಿಗೆ ಅಷ್ಟು ಮರ್ಯಾದೆ ಕೊಡಲೇಬೇಕು.

ಮೀನಿಗೆ ಯಾನಾಗಿಬಾಶಿ ಮಾರ್ಕೆಟ್, ವಾತಾನಾಬೆದೋರಿ ಸ್ಟೇಷನ್ ಹತ್ತಿರ. ಸಣ್ಣದು, ಭಾನುವಾರ ರಜೆ, ಬೆಳಿಗ್ಗೆಯೇ ಹೋಗಿ. ಇಲ್ಲಿ ಬಿಡಬಾರದ್ದು ಗೊಮಾಸಾಬಾ, ಅಂದ್ರೆ ನಮ್ಮ ಬಂಗುಡೆ ಥರದ ಮೀನನ್ನ ಹಸಿಯಾಗೇ ಕುಯ್ದು ಸೋಯಾ ಸಾಸ್, ಎಳ್ಳು ಹಾಕಿ ಕಲಸಿದ್ದು. ತಲಶ್ಶೇರಿಯಿಂದ ಘಾಟಿ ಹತ್ತಿ ಬಂದ ಬಂಗುಡೆ ತಿಂದ ನನಗೆ ಹಸಿ ಬಂಗುಡೆ ಅಂದಾಗ ಕೈ ಮುಂದೆ ಹೋಗಲಿಲ್ಲ, ಮೊದಲ ತುಂಡು ತಿಂದ ಮೇಲೆ ಎರಡನೇ ಪ್ಲೇಟ್ ತಗೊಂಡೆ. ಒಳ್ಳೆ ಮೀನಿನ ಅಂಗಡಿಯಲ್ಲೇ ತಿನ್ನಿ. ಮೆಂತೈಕೊ ಕೂಡ ಈ ಊರಿನದೇ, ಖಾರದಲ್ಲಿ ಊರಿಸಿದ ಮೀನಿನ ತತ್ತಿ, 1949ರಲ್ಲಿ ನಾಕಾಸು ಮಾರ್ಕೆಟಿನ ಫುಕುಯಾ ಅಂಗಡಿಯಲ್ಲಿ ಮಾರೋಕೆ ಶುರು ಮಾಡಿದ್ರು, ಬಿಸಿ ಅನ್ನದ ಜೊತೆ ತಿನ್ನಿ.

ಗೋಮಾಂಸ ತಿನ್ನದವರು ಇದನ್ನ ಸರಿಯಾಗಿ ಓದಿ. ಮೋತ್ಸುನಾಬೆ ಇಲ್ಲಿ ತುಂಬಾ ಫೇಮಸ್, ಫೋಟೋದಲ್ಲಿ ಬರೀ ಎಲೆಕೋಸು, ಬೆಳ್ಳುಳ್ಳಿ, ಸೊಪ್ಪು ಕಾಣುತ್ತೆ, ಒಳಗೆ ಇರೋದು ಸಾಮಾನ್ಯವಾಗಿ ದನದ ಕರುಳು. ಅಮ್ಮನ ಜೊತೆ ಹೋದಾಗ ಒಂದು ಅಂಗಡಿಯಲ್ಲಿ ಇದು ಹಂದಿದೇ ಅಂದ್ಕೊಂಡು ಹೇಳಿಬಿಟ್ಟೆವು, ಬಂದ ಮೇಲೆ ಗೊತ್ತಾಯ್ತು, ಅಮ್ಮ ಅವತ್ತು ಬರೀ ಅನ್ನ ತಿಂದು ಎದ್ರು, ನನಗೆ ಇವತ್ತಿಗೂ ಬೇಜಾರಿದೆ. ಬುತಾ ಹಂದಿ, ಗ್ಯೂ ದನ, ತೋರಿ ಕೋಳಿ, ಈ ಮೂರು ಪದ ಬಾಯಿಪಾಠ ಮಾಡ್ಕೊಂಡು ಹೋಗಿ. ಹಿರಿಯರು ಇದ್ರೆ ಮಿಜುತಾಕಿ ಹೇಳಿ, ಮೂಳೆ ಸಮೇತ ಕೋಳಿ ಬೇಯಿಸಿದ ಸಾರು, ಮೊದಲು ಸಾರನ್ನ ಲೋಟದಲ್ಲಿ ಕುಡಿಯೋಕೆ ಕೊಡ್ತಾರೆ. ಯಾಕಿತೋರಿ ಅಂಗಡಿಯೂ ಬೇರೆಯೇ ಇಲ್ಲಿ, ಕೋಳಿ ಜೊತೆ ಬುತಾಬಾರಾ ಅಂತ ಹಂದಿ ಹೊಟ್ಟೆ ಭಾಗವನ್ನ ಕಡ್ಡಿಗೆ ಚುಚ್ಚಿ ಕೆಂಡದಲ್ಲಿ ಸುಡ್ತಾರೆ, ಪಕ್ಕಕ್ಕೆ ಹುಳಿ ರಸ ಹಾಕಿದ ಹಸಿ ಎಲೆಕೋಸು. ಕೊಬ್ಬಿಗೆ ಹುಳಿ ಬೇಕು ಅಂತ ಕಾಚಂಪುಳಿ ಹಾಕೋ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ.

ರಾತ್ರಿಗೆ ಯಾತಾಯಿ, ಅಂದ್ರೆ ರಸ್ತೆ ಬದಿಯ ತಳ್ಳುಗಾಡಿ ಅಂಗಡಿ. ಮಡಿಕೇರಿ ದಸರಾ ರಾತ್ರಿ ಮಂಟಪ ಬರೋವರೆಗೆ ರಸ್ತೆ ಬದಿ ನಿಂತು ತಿಂತೀವಲ್ಲ, ಆ ಖುಷಿ ಇಲ್ಲಿ ಹೆಚ್ಚುಕಮ್ಮಿ ದಿನಾ ರಾತ್ರಿ ಸಿಗುತ್ತೆ. ನಾಕಾಸು ಹೊಳೆ ಬದಿ, ತೆಂಜಿನ್, ನಾಗಹಾಮಾ ಮೂರೂ ಕಡೆ ಇದೆ. 1960ರ ದಶಕದಲ್ಲಿ 400ಕ್ಕಿಂತ ಜಾಸ್ತಿ ಇದ್ದಿದ್ದು ಈಗ ನೂರರ ಹತ್ತಿರಕ್ಕೆ ಬಂದಿದೆ, 2013ರಲ್ಲಿ ನಗರದವರು ಇದಕ್ಕೇ ಒಂದು ಕಾನೂನು ಮಾಡಿ ಹೊಸಬರಿಗೂ ಅವಕಾಶ ಕೊಟ್ರು. ಸಂಜೆ ಆರಕ್ಕೆ ಗಾಡಿ ತಂದು ಜೋಡಿಸ್ತಾರೆ, ಆಗ್ಲೇ ಹೋಗಿ, ಎಂಟರ ಮೇಲೆ ಕ್ಯೂ. ನಾಕಾಸು ನೋಡೋಕೆ ಚಂದ, ಆದ್ರೆ ಟೂರಿಸ್ಟ್ ಜಾಸ್ತಿ, ಊರವರ ಪಕ್ಕ ಕೂರಬೇಕು ಅಂದ್ರೆ ತೆಂಜಿನ್ ನನಗೆ ಇಷ್ಟ. ಎಂಟು ಹತ್ತು ಜನ ಕೂರೋ ಜಾಗ, ಹಾಗಾಗಿ ಆರು ಜನ ಒಟ್ಟಿಗೆ ನುಗ್ಗಬೇಡಿ, ಇಬ್ಬಿಬ್ಬರಾಗಿ ಹೋಗಿ, ತಲೆಗೆ ಒಂದು ಡ್ರಿಂಕ್ ಒಂದು ಪ್ಲೇಟ್ ಆದ್ರೂ ಹೇಳಿ, ಹಿಂದೆ ಜನ ಕಾಯ್ತಿದ್ರೆ ಎದ್ದು ಬಿಡಿ. ಟಾಯ್ಲೆಟ್ ಇರಲ್ಲ, ಮೊದಲೇ ಹೋಗಿ ಬನ್ನಿ. ಚಿಲ್ಲರೆ ಯೆನ್ ಇರಲಿ, ಟಿಪ್ಸ್ ಕೊಡಬೇಡಿ. ರೂಲ್ಸ್ ಪ್ರಕಾರ ಇಲ್ಲಿ ಹಸಿ ಮೀನು ಮಾರೋ ಹಾಗಿಲ್ಲ, ಹಾಗಾಗಿ ಯಾಕಿ ರಾಮೆನ್ (ಹುರಿದ ನೂಡಲ್), ಒಂದೇ ತುತ್ತಿನ ಗ್ಯೋಜಾ (ಮಾಂಸ ತುಂಬಿದ ಸಣ್ಣ ಕಡುಬು), ಓದೆನ್ (ಸಾರಲ್ಲಿ ಬೇಯಿಸಿದ ಮೂಲಂಗಿ, ಮೊಟ್ಟೆ ಥರದ್ದು) ಹೇಳಿ. ಜೋರು ಮಳೆ ಬಂದ್ರೆ ಗಾಡಿಗಳು ಬರೋದೇ ಇಲ್ಲ, ಅದಕ್ಕೆ ಕೊನೆ ರಾತ್ರಿಗೆ ಅಂತ ಉಳಿಸ್ಕೋಬೇಡಿ, ಮಳೆ ಇಲ್ಲದ ಮೊದಲ ರಾತ್ರಿಯೇ ಮುಗಿಸಿ.

ಚಳಿಗಾಲದಲ್ಲಿ ಹೋಗೋರು ಒಂದು ಮಧ್ಯಾಹ್ನ ಪಕ್ಕದ ಇತೋಶಿಮಾಗೆ ಕೊಡಿ, ಬಂದರಿನಲ್ಲಿ ಶೆಡ್ ಹಾಕಿ ಸಿಂಪಿ ಕೊಡ್ತಾರೆ, ನಾವೇ ಒಲೆ ಮೇಲಿಟ್ಟು ಸುಟ್ಟು ತಿನ್ನೋದು, ಬಟ್ಟೆಗೆ ಹಾರಬಾರದು ಅಂತ ಜಾಕೆಟ್ಟೂ ಕೊಡ್ತಾರೆ. ಹಲವು ಶೆಡ್‌ಗಳಲ್ಲಿ ನಮ್ಮದೇ ಸಾಸ್ ತರೋಕೆ ಬಿಡ್ತಾರೆ, ಕೇಳ್ಕೊಳ್ಳಿ. ಊರಿಂದ ಪಂದಿ ಉಪ್ಪಿನಕಾಯಿ ಮಾತ್ರ ತಗೊಂಡು ಹೋಗ್ಬೇಡಿ, ಮಾಂಸದ ಯಾವ ಪದಾರ್ಥವೂ ಜಪಾನ್ ಏರ್‌ಪೋರ್ಟಲ್ಲಿ ಬಿಡಲ್ಲ, ದಂಡ ಬೀಳಬಹುದು. ಕಾಚಂಪುಳಿಯ ಸಣ್ಣ ಬಾಟ್ಲಿ ಚೆಕ್‌ಇನ್ ಬ್ಯಾಗಲ್ಲಿ ಹಾಕ್ಕೊಳ್ಳಿ, ಸಿಂಪಿ ಬಾಯಿ ಬಿಟ್ಟ ತಕ್ಷಣ ಎರಡೇ ತೊಟ್ಟು ಬಿಟ್ಟು ತಿನ್ನಿ.